ಗ್ಲಾಸಿನಾ, ಮ್ಯಾಟಾ? – ಲ್ಯಾಪ್‌ಟಾಪ್ ಪರದೆಯ ಮೇಲ್ಮೈಗೂ ಒಂದು ಚರಿತ್ರೆ

ಗ್ಲಾಸಿ, ಮ್ಯಾಟ್ ಅನ್ನೋ ಎರಡು ಪದಗಳು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಮೊದಲು ಬಿದ್ದದ್ದು ಕಂಪ್ಯೂಟರ್ ಅಂಗಡಿಯಲ್ಲಿ ಅಲ್ಲ, ಫೋಟೋ ಸ್ಟುಡಿಯೋದಲ್ಲಿ. ಮದುವೆ, ಮುಂಜಿ, ಕಾಲೇಜ್ ಟ್ರಿಪ್ಪು ಮುಗಿದ ಮೇಲೆ ರೀಲು ತಗೊಂಡು ಹೋದರೆ ಕಲರ್ ಲ್ಯಾಬಿನವರು ರಸೀದಿ ಬರೀತಾನೇ ಕೇಳೋರು: "ಗ್ಲಾಸಿ ಹಾಕ್ಲಾ, ಮ್ಯಾಟ್ ಹಾಕ್ಲಾ?" ಗ್ಲಾಸಿಯಲ್ಲಿ ಸೀರೆಯ ಕೆಂಪು ಎದ್ದು ಕಾಣುತ್ತೆ, ಆದರೆ ಬೆರಳಿಟ್ಟಲ್ಲೆಲ್ಲ ಗುರುತು, ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಬಿಳಿ ಪಟ್ಟೆ. ಮ್ಯಾಟ್ ಸ್ವಲ್ಪ ಸಪ್ಪೆ, ಆದರೆ ಯಾವ ಕಡೆಯಿಂದ ನೋಡಿದರೂ ಮುಖ ಕಾಣುತ್ತೆ. ಗೊತ್ತಿಲ್ಲ ಅಂದರೆ ಎರಡೂ ಥರದ ಒಂದೊಂದು ಪ್ರಿಂಟ್ ಮುಂದಿಟ್ಟು ನೋಡಿ ಅನ್ನೋರು.

ಲ್ಯಾಪ್‌ಟಾಪ್ ಮಾರುವವರು ಹೀಗೆ ಕೇಳಿದ್ದು ಬಹಳ ಕಡಿಮೆ. ಸುಮಾರು 2002ರವರೆಗೆ ಲ್ಯಾಪ್‌ಟಾಪ್ ಪರದೆ ಅಂದರೆ ಹೆಚ್ಚುಕಡಿಮೆ ಎಲ್ಲವೂ ಮ್ಯಾಟ್. ಅಲ್ಲಿಂದ ಏಳೆಂಟು ವರ್ಷದೊಳಗೆ, ಮನೆಬಳಕೆಗೆ ಅಂತ ಅಂಗಡಿಯಲ್ಲಿ ಸಿಗುತ್ತಿದ್ದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಗ್ಲಾಸಿ ಆಗಿದ್ದವು. ಆಫೀಸಿಗೆ ಅಂತ ಮಾರುವ ಮಾದರಿಗಳು ಮಾತ್ರ ಮ್ಯಾಟ್ ಆಗಿಯೇ ಉಳಿದವು. ಈ ಬದಲಾವಣೆ ಯಾಕಾಯಿತು? ಕೆಲವರು ಸ್ಕ್ರೂಡ್ರೈವರ್ ಹಿಡಿದು, ಗೇಮಿಂಗ್ ಲ್ಯಾಪ್‌ಟಾಪಿನ ಹೊಳೆಯುವ ಪರದೆಯನ್ನು ಕಿತ್ತು ಹೊಳೆಯದ ಪರದೆ ಹಾಕಿಕೊಂಡಿದ್ದು ಯಾಕೆ? ಹಾಗೆ ಹಾಕಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಈ ಬರಹ ನನ್ನ ಲ್ಯಾಪ್‌ಟಾಪಿನ ಬಗ್ಗೆ ಅಷ್ಟಾಗಿ ಅಲ್ಲ. ಒಂದು ವಸ್ತು ಯಾವ ಬೆಳಕಿನಲ್ಲಿ ಮಾರಾಟವಾಗುತ್ತದೆ, ಯಾವ ಬೆಳಕಿನಲ್ಲಿ ಬಳಕೆಯಾಗುತ್ತದೆ, ಇವೆರಡರ ನಡುವಿನ ಅಂತರದ ಬಗ್ಗೆ.

ನೂರರಲ್ಲಿ ನಾಲ್ಕು

ಮೊದಲು ಸ್ವಲ್ಪ ಭೌತಶಾಸ್ತ್ರ, ಸ್ವಲ್ಪ ಲೆಕ್ಕ. ಗಾಳಿಯಿಂದ ಗಾಜಿಗೆ ಬೆಳಕು ನೇರವಾಗಿ ಬಿದ್ದಾಗ ನೂರರಲ್ಲಿ ಸುಮಾರು ನಾಲ್ಕು ಪಾಲು ವಾಪಸ್ ಬರುತ್ತದೆ. ಪರದೆಯ ಮೇಲಿನ ನುಣುಪಾದ ಪ್ಲಾಸ್ಟಿಕ್ ಹಾಳೆಯಲ್ಲೂ ಹೆಚ್ಚುಕಡಿಮೆ ಇಷ್ಟೇ. ನಾಲ್ಕು ಪರ್ಸೆಂಟ್ ತಾನೇ ಅನ್ನಬೇಡಿ. 300 ಲಕ್ಸ್ ಬೆಳಕಿರುವ ಸಾಧಾರಣ ಕೋಣೆಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದೀರಿ ಅಂದುಕೊಳ್ಳಿ. ನಿಮ್ಮ ಅಂಗಿಯ ಹೊಳಪು ಸುಮಾರು 75 ನಿಟ್. ಅದರ ನಾಲ್ಕು ಪರ್ಸೆಂಟ್ ಅಂದರೆ 3 ನಿಟ್. ಮಾಮೂಲಿ ಎಲ್‌ಸಿಡಿ ಪರದೆ ತೋರಿಸುವ ಕಪ್ಪು ಸುಮಾರು 0.3 ನಿಟ್. ಅಂದರೆ ಆಟದಲ್ಲಿ ಕತ್ತಲೆ ಗುಹೆಯೊಳಗೆ ಹೋದಾಗ, ಗುಹೆಗಿಂತ ನಿಮ್ಮ ಅಂಗಿ ಹತ್ತು ಪಟ್ಟು ಚೆನ್ನಾಗಿ ಕಾಣುತ್ತಿರುತ್ತದೆ! ಇನ್ನು ಬೆನ್ನ ಹಿಂದೆ ಕಿಟಕಿ ಇದ್ದು, ಆಕಾಶ 5000 ನಿಟ್ ಹೊಳಪಿನಲ್ಲಿದ್ದರೆ, ಅದರ ಪ್ರತಿಬಿಂಬವೇ 200 ನಿಟ್. ಅನೇಕ ಲ್ಯಾಪ್‌ಟಾಪುಗಳ ಪೂರ್ತಿ ಬ್ರೈಟ್‌ನೆಸ್ ಇದ್ದದ್ದೇ 250–300 ನಿಟ್.

ಈ ನಾಲ್ಕು ಪರ್ಸೆಂಟನ್ನು ನಿಭಾಯಿಸಲು ಎರಡು ದಾರಿ. ಒಂದು, ಪ್ರತಿಫಲನವನ್ನೇ ಕಡಿಮೆ ಮಾಡೋದು. ಇನ್ನೊಂದು, ಪ್ರತಿಫಲನವಾದ ಬೆಳಕನ್ನು ಚದುರಿಸೋದು.

ಮೊದಲ ದಾರಿಯ ಕಥೆ ಕಂಪ್ಯೂಟರಿಗಿಂತ ಹಳೆಯದು. 1886ರಲ್ಲಿ ಲಾರ್ಡ್ ರೇಲಿ ಒಂದು ವಿಚಿತ್ರ ಗಮನಿಸಿದರು. ಹಳೆಯದಾಗಿ ಮಸುಕು ಹಿಡಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಮೇಲೆ ಕೂತ ತೆಳು ಪದರವೇ ಪ್ರತಿಫಲನವನ್ನು ತಗ್ಗಿಸಿತ್ತು. ಇಂಗ್ಲೆಂಡಿನ ಲೆನ್ಸ್ ತಯಾರಕ ಹೆರಾಲ್ಡ್ ಡೆನ್ನಿಸ್ ಟೇಲರ್ ಇದನ್ನೇ ಬೇಕೆಂದೇ ರಾಸಾಯನಿಕದಿಂದ ಮಾಡುವ ವಿಧಾನಕ್ಕೆ 1904ರಲ್ಲಿ ಪೇಟೆಂಟ್ ಪಡೆದರು. ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಲೆನ್ಸಿಗೆ ತೆಳು ಲೇಪ ಕೊಡುವ ವಿಧಾನ ಕಂಡುಹಿಡಿದರು. ಅದು ಕೆಲವು ವರ್ಷ ಮಿಲಿಟರಿ ಗುಟ್ಟಾಗಿ ಉಳಿಯಿತು. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಲ್ಯಾಬಿನಲ್ಲಿ ಕ್ಯಾಥರಿನ್ ಬ್ಲಾಜೆಟ್ ಒಂದೊಂದು ಅಣುವಿನಷ್ಟು ದಪ್ಪದ ಪದರಗಳನ್ನು ಒಂದರ ಮೇಲೊಂದು, ಒಟ್ಟು 44, ಗಾಜಿನ ಮೇಲೆ ಕೂರಿಸಿ ಕಣ್ಣಿಗೇ ಕಾಣದಂಥ ಗಾಜು ಮಾಡಿ ತೋರಿಸಿದರು. ಕೇಂಬ್ರಿಡ್ಜಿನಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಪಡೆದ ಮೊದಲ ಮಹಿಳೆ ಅವರೇ. ತತ್ವ ಇಷ್ಟು: ಲೇಪದ ದಪ್ಪ ಬೆಳಕಿನ ಅಲೆಯ ಉದ್ದದ ಕಾಲು ಭಾಗ ಇದ್ದರೆ, ಲೇಪದ ಮೇಲಿಂದ ಬಂದ ಪ್ರತಿಫಲನ ಮತ್ತು ಕೆಳಗಿಂದ ಬಂದ ಪ್ರತಿಫಲನ ಒಂದನ್ನೊಂದು ಅಳಿಸಿಹಾಕುತ್ತವೆ. ನಿಮ್ಮ ಕನ್ನಡಕದ ಮೇಲೆ ಹಸಿರು-ನೇರಳೆ ಛಾಯೆ ಕಾಣುತ್ತದಲ್ಲ, ಅದು ಇದೇ ವಂಶದ ಲೇಪ.

ಎರಡನೇ ದಾರಿ ಬಹಳ ಸರಳ, ಅಗ್ಗ. ಮೇಲ್ಮೈಯನ್ನು ಸಣ್ಣಗೆ ಒರಟು ಮಾಡೋದು. ಎಲ್‌ಸಿಡಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಪೋಲರೈಸರ್ ಹಾಳೆ. ಅದರ ಮೇಲಿನ ಗಟ್ಟಿ ಲೇಪದಲ್ಲಿ ಸಿಲಿಕಾದಂಥ ಸೂಕ್ಷ್ಮ ಕಣಗಳನ್ನು ಬೆರೆಸಿದರೆ ಮ್ಯಾಟ್ ಪರದೆ ತಯಾರು. ಇಲ್ಲೊಂದು ತಪ್ಪು ಕಲ್ಪನೆ ಸಾಮಾನ್ಯ: ಮ್ಯಾಟ್ ಪರದೆ ಬೆಳಕನ್ನು ನುಂಗುತ್ತದೆ ಅಂತ. ಇಲ್ಲ. ಅದೇ ನಾಲ್ಕು ಪರ್ಸೆಂಟನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಕಿಟಕಿಯ ಚೌಕಟ್ಟು, ನಿಮ್ಮ ಮೂಗು ಕಾಣಿಸೋದಿಲ್ಲ. ಬದಲಿಗೆ ಇಡೀ ಪರದೆಯ ಕಪ್ಪು ಸ್ವಲ್ಪ ಬೂದಿಯಾಗುತ್ತದೆ. ಹಾಗಾಗಿ ಗ್ಲಾಸಿ–ಮ್ಯಾಟ್ ಜಗಳ ಒಳ್ಳೆಯದು–ಕೆಟ್ಟದ್ದರ ಜಗಳ ಅಲ್ಲ. ಸುತ್ತ ಕತ್ತಲಿದ್ದರೆ ಗ್ಲಾಸಿಯೇ ಗೆಲ್ಲುತ್ತದೆ. ಸುತ್ತ ಬೆಳಕಿದ್ದರೆ, ಆ ಬೆಳಕಿನ ಮೇಲೆ ನಿಮ್ಮ ಹಿಡಿತ ಇಲ್ಲದಿದ್ದರೆ, ಮ್ಯಾಟ್.

ಆಫೀಸಿನ ಬೆಳಕು

ಹಳೇ ಸಿಆರ್‌ಟಿ ಮಾನಿಟರುಗಳ ಮುಂಭಾಗ ಉಬ್ಬಿದ ಗಾಜು. ಮೇಲಿನ ಟ್ಯೂಬ್‌ಲೈಟ್ ಸಾಲುಸಾಲಾಗಿ ಅದರಲ್ಲಿ ಕಾಣುತ್ತಿತ್ತು. 1990ರ ದಶಕದಲ್ಲಿ ನಮ್ಮೂರ ಬ್ಯಾಂಕುಗಳಿಗೂ ಕಂಪ್ಯೂಟರ್ ಬಂದಾಗ ನೋಡಿದವರಿಗೆ ನೆನಪಿರಬಹುದು: ಮಾನಿಟರಿನ ಮುಂದೆ ಕೊಕ್ಕೆಯಲ್ಲಿ ನೇತುಹಾಕಿದ ಕಂದು ಬಣ್ಣದ ಗಾಜು ಇರುತ್ತಿತ್ತು. "ಕಣ್ಣಿಗೆ ಒಳ್ಳೇದು" ಅಂತ ಹಾಕುತ್ತಿದ್ದ ಆ ಫಿಲ್ಟರ್, ಮಾನಿಟರಿನ ಜೊತೆಗೆ ಬಂದ ತೊಂದರೆಗೆ ಹೊರಗಿನಿಂದ ಹಚ್ಚಿದ ತೇಪೆ.

ಯುರೋಪಿನಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡಿದ್ದು ನೌಕರರ ಸಂಘಟನೆಗಳು. ದಿನವಿಡೀ ಪರದೆ ನೋಡುವ ಗುಮಾಸ್ತರ ಕಣ್ಣು, ಕತ್ತು, ಬೆನ್ನಿನ ಪ್ರಶ್ನೆ 1980ರ ದಶಕದ ದೊಡ್ಡ ಕಾರ್ಮಿಕ ಚರ್ಚೆಗಳಲ್ಲಿ ಒಂದು. ಹಳೇ ಮಾನಿಟರುಗಳ ಅಂಚಿನಲ್ಲಿ ಟಿಸಿಒ ಅನ್ನೋ ಸ್ಟಿಕರ್ ನೋಡಿದ್ದೀರಲ್ಲ? ಅದು ಯಾವುದೋ ಕಂಪನಿಯ ಹೆಸರಲ್ಲ, ಸ್ವೀಡನ್ನಿನ ನೌಕರರ ಒಕ್ಕೂಟದ ಹೆಸರು. 1992ರಿಂದ ಅವರು ಮಾನಿಟರುಗಳಿಗೆ ಪ್ರಮಾಣಪತ್ರ ಕೊಡಲು ಶುರುಮಾಡಿದರು.

ಅದಕ್ಕೂ ಎರಡು ವರ್ಷ ಮೊದಲು, 1990ರ ಮೇ 29ರಂದು, ಯುರೋಪಿಯನ್ ಸಮುದಾಯ 90/270 ಸಂಖ್ಯೆಯ ನಿರ್ದೇಶನ ಹೊರಡಿಸಿತು. ಪರದೆ ಮುಂದೆ ಕೆಲಸ ಮಾಡುವವರ ಸುರಕ್ಷತೆಗೆ ಇರುವ ಕನಿಷ್ಠ ನಿಯಮಗಳು ಅದರಲ್ಲಿವೆ. ಬಳಸುವವರಿಗೆ ಕಿರಿಕಿರಿ ಮಾಡುವಂಥ ಪ್ರಖರತೆ, ಪ್ರತಿಫಲನ ಪರದೆಯ ಮೇಲೆ ಇರಬಾರದು ಅನ್ನೋದು ಅವುಗಳಲ್ಲಿ ಒಂದು. ಇದನ್ನು ನೋಡಿಕೊಳ್ಳುವ ಹೊಣೆ ಕೆಲಸ ಕೊಟ್ಟವರದ್ದು.

ಆದರೆ ಅದೇ ನಿರ್ದೇಶನದ ಮೊದಲ ಕಲಮಿನಲ್ಲೇ ಕೆಲವು ವಿನಾಯಿತಿಗಳಿವೆ. ಕ್ಯಾಲ್ಕುಲೇಟರ್, ಕ್ಯಾಶ್ ರಿಜಿಸ್ಟರ್, ವಾಹನದ ಚಾಲಕನ ಮುಂದಿನ ಪರದೆ ಇವುಗಳ ಜೊತೆಗೆ ಇನ್ನೊಂದು: ಒಂದೇ ಕೆಲಸದ ಜಾಗದಲ್ಲಿ ದೀರ್ಘಕಾಲ ಬಳಸದ, ಹೊತ್ತೊಯ್ಯಬಲ್ಲ ಕಂಪ್ಯೂಟರ್. 1990ರ ಮಟ್ಟಿಗೆ ಇದು ಸಹಜವೇ. ಆಗ ಲ್ಯಾಪ್‌ಟಾಪ್ ಅಂದರೆ ಊರೂರು ಸುತ್ತುವ ಅಧಿಕಾರಿಯ ಬ್ಯಾಗಿನಲ್ಲಿರುವ ಸಾಮಾನು. ಅದೇ ಮುಂದೊಂದು ದಿನ ಮನುಷ್ಯನ ಏಕೈಕ ಕಂಪ್ಯೂಟರ್ ಆಗುತ್ತದೆ, ಊಟದ ಮೇಜಿನ ಮೇಲೆ ದಿನಕ್ಕೆ ಹತ್ತು ಗಂಟೆ ತೆರೆದಿರುತ್ತದೆ ಅಂತ ಆಗ ಯಾರು ಎಣಿಸಿದ್ದರು?

ಹಾಗಿದ್ದರೂ 1990ರ ದಶಕದ ಲ್ಯಾಪ್‌ಟಾಪುಗಳು ಮ್ಯಾಟ್ ಆಗಿಯೇ ಇದ್ದವು. 1992ರಲ್ಲಿ 10.4 ಇಂಚಿನ ಬಣ್ಣದ ಪರದೆಯೊಂದಿಗೆ ಬಂದ ಐಬಿಎಂ ಥಿಂಕ್‌ಪ್ಯಾಡ್ 700ಸಿ ಕೂಡ ಹಾಗೇ. ಅವುಗಳನ್ನು ಕೊಳ್ಳುತ್ತಿದ್ದದ್ದು ಕಂಪನಿಗಳು. ಕೊಳ್ಳುವವರಿಗೆ ಬೇಕಾಗಿದ್ದದ್ದು ಅಕ್ಷರ ಓದಲು ಬರುವ ಪರದೆ. ಅಂದಿನ ಬ್ಯಾಕ್‌ಲೈಟ್ ಮಂದ, ಸ್ವಲ್ಪ ಪ್ರತಿಫಲನ ಬಿದ್ದರೂ ಏನೂ ಕಾಣುತ್ತಿರಲಿಲ್ಲ.

ಬೆಂಗಳೂರಿನ ಒಂದು ಪದರ

ಇಲ್ಲೊಂದು ಮಾತು ಹೇಳಲೇಬೇಕು, ಯಾಕೆಂದರೆ ಆ ಪೋಲರೈಸರ್ ಹಾಳೆಗಳ ಕಥೆಯಲ್ಲಿ ನಮ್ಮೂರೂ ಇದೆ. ಎಲ್‌ಸಿಡಿಯನ್ನು ಅಮೆರಿಕದ ಆರ್‌ಸಿಎ ಕಂಪನಿ 1968ರಲ್ಲಿ ಜಗತ್ತಿಗೆ ತೋರಿಸಿತು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಶ್ 1970ರಲ್ಲಿ ರೂಪಿಸಿದ ಟಿಎನ್ ವಿಧಾನ ಅದನ್ನು ಮನೆಮಾತಾಗಿಸಿತು. ಟಿಎನ್ ಪರದೆಗೆ ಒಂದು ದೊಡ್ಡ ಕೊರತೆ: ಸ್ವಲ್ಪ ಓರೆಯಾಗಿ ನೋಡಿದರೂ ಬಣ್ಣ ತಿರುಗುಮುರುಗು.

1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಒಂದು ಹೊಸ ಜಾತಿಯ ದ್ರವಸ್ಫಟಿಕವನ್ನು ವರದಿ ಮಾಡಿದರು. ಅಲ್ಲಿಯವರೆಗೆ ಗೊತ್ತಿದ್ದ ದ್ರವಸ್ಫಟಿಕದ ಅಣುಗಳು ಕಡ್ಡಿಯಾಕಾರದವು. ಇವು ಬಿಲ್ಲೆಯಾಕಾರದವು, ನಾಣ್ಯದ ಗಳಿಗೆಗಳಂತೆ ಒಂದರ ಮೇಲೊಂದು ಕೂರುವಂಥವು. ಚಂದ್ರಶೇಖರ್ ಅದಕ್ಕೂ ಮೊದಲು ಹತ್ತು ವರ್ಷ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿ ಇಂಥ ಬಿಲ್ಲೆ ಅಣುಗಳನ್ನು ಬಳಸಿ ಒಂದು ತೆಳು ಹಾಳೆ ಮಾಡಿತು. ಅದನ್ನು ಪೋಲರೈಸರಿನ ಜೊತೆ ಅಂಟಿಸಿದರೆ ಟಿಎನ್ ಪರದೆಯನ್ನು ಓರೆಯಿಂದಲೂ ನೋಡಬಹುದಾಗಿತ್ತು. ಅಕ್ಕಪಕ್ಕ ಕೂತ ಇಬ್ಬರು ಒಂದೇ ಪರದೆಯಲ್ಲಿ ಸಿನಿಮಾ ನೋಡುವಂತಾಗಲು ನೆರವಾದ ಪದರಗಳಲ್ಲಿ ಇದೊಂದು. ಕನ್ನಡದವರು ಎಲ್‌ಸಿಡಿ ಬಗ್ಗೆ ಮಾತಾಡುವಾಗ ಈ ಹೆಸರುಗಳು ಬಾಯಿಗೆ ಬರಬೇಕು ಅಂತ ನನ್ನ ಆಸೆ.

ಅಂಗಡಿಯ ಬೆಳಕು

ಈಗ ಗ್ಲಾಸಿಯ ಸರದಿ. 2000ದ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಮನೆಗಳಲ್ಲಿ ಲ್ಯಾಪ್‌ಟಾಪ್ ಇನ್ನೊಂದು ಕೆಲಸಕ್ಕೆ ಇಳಿಯಿತು. ಚಿಕ್ಕ ಮನೆ, ಒಂದೇ ಯಂತ್ರದಲ್ಲಿ ಟಿವಿ, ಡಿವಿಡಿ, ಕಂಪ್ಯೂಟರ್ ಮೂರೂ ಆಗಬೇಕು. ಟಿವಿ ಟ್ಯೂನರ್ ಇರುವ ಲ್ಯಾಪ್‌ಟಾಪುಗಳು ಬಂದವು. ಸಿನಿಮಾ ನೋಡಲು ಕಪ್ಪು ಕಪ್ಪಾಗಿರಬೇಕು, ಬಣ್ಣ ತುಂಬಿರಬೇಕು. ಸೋನಿ, ಎನ್‌ಇಸಿ, ಫುಜಿತ್ಸು, ತೋಶಿಬಾ ಪೋಲರೈಸರಿನ ಒರಟು ಪದರ ತೆಗೆದು ನುಣುಪು ಮೇಲ್ಮೈ ಕೊಡಲು ಶುರುಮಾಡಿದವು. ದುಬಾರಿ ಮಾದರಿಗಳಲ್ಲಿ ಬ್ಲಾಜೆಟ್ ವಂಶದ ಲೇಪವೂ ಇರುತ್ತಿತ್ತು. ಅಗ್ಗದವುಗಳಲ್ಲಿ ಬರೀ ನುಣುಪು.

ಆಮೇಲೆ ಹೆಸರುಗಳ ಮೆರವಣಿಗೆ. ಸೋನಿಯ ಎಕ್ಸ್‌ಬ್ರೈಟ್, ತೋಶಿಬಾದ ಟ್ರೂಬ್ರೈಟ್, ಎಚ್‌ಪಿಯ ಬ್ರೈಟ್‌ವ್ಯೂ, ಡೆಲ್‌ನ ಟ್ರೂಲೈಫ್, ಏಸರ್‌ನ ಕ್ರಿಸ್ಟಲ್‌ಬ್ರೈಟ್. ಈ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ. ಎಲ್ಲೂ "ಗ್ಲಾಸಿ" ಅನ್ನೋ ಪದವೇ ಇಲ್ಲ! ಸ್ಟುಡಿಯೋದವರು ಎರಡು ಆಯ್ಕೆ ಇವೆ ಅಂತ ಹೇಳುತ್ತಿದ್ದರು. ಇಲ್ಲಿ ಹೆಸರೇ ಆಯ್ಕೆಯನ್ನು ಮುಚ್ಚಿತು. "ನಿಮಗೆ ಬ್ರೈಟ್ ಬೇಕಾ?" ಅಂದರೆ ಬೇಡ ಅನ್ನೋರು ಯಾರು?

ಅಂಗಡಿಯಲ್ಲಿ ಇಪ್ಪತ್ತು ಲ್ಯಾಪ್‌ಟಾಪ್ ಸಾಲಾಗಿ ಇಟ್ಟಿರುತ್ತಾರೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಬಣ್ಣಬಣ್ಣದ ಹೂವು, ಮೀನು, ಜಲಪಾತದ ವಿಡಿಯೋ ಹಾಕಿರುತ್ತಾರೆ. ಕೊಳ್ಳುವವರು ಒಂದೊಂದರ ಮುಂದೆ ಒಂದೆರಡು ನಿಮಿಷ ನಿಲ್ಲುತ್ತಾರೆ. ಅಷ್ಟು ಹೊತ್ತಿನಲ್ಲಿ ಮ್ಯಾಟ್ ಪರದೆ ಪಕ್ಕದ ಗ್ಲಾಸಿಯೆದುರು ತೊಳೆದು ಬಣ್ಣ ಹೋದ ಬಟ್ಟೆಯಂತೆ ಕಾಣುತ್ತದೆ. ಬೆಳಗಿನ ಹತ್ತು ಗಂಟೆಗೆ ಕಿಟಕಿಯ ಪಕ್ಕ ಕೂತು ಬಿಳಿ ಹಾಳೆಯ ಮೇಲಿನ ಸಣ್ಣಕ್ಷರ ಓದುವ ಪರೀಕ್ಷೆ ಅಲ್ಲಿ ನಡೆಯೋದಿಲ್ಲ. ನಮ್ಮಮ್ಮಂದಿರು ಸೀರೆ ಅಂಗಡಿಯಲ್ಲಿ ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಅಂಗಡಿಯವರು ಲೈಟಿನ ಕೆಳಗೆ ಹರಡಿದ ಸೀರೆಯನ್ನು ಬಾಗಿಲ ಹತ್ತಿರ ತಂದು ಬಿಸಿಲಲ್ಲಿ ಹಿಡಿದು ನೋಡದೆ ದುಡ್ಡು ಬಿಚ್ಚೋದಿಲ್ಲ. ಸರಪಳಿ ಹಾಕಿ ಮೇಜಿಗೆ ಕಟ್ಟಿದ ಲ್ಯಾಪ್‌ಟಾಪನ್ನು ಬಾಗಿಲವರೆಗೆ ತರೋದು ಹೇಗೆ?

ಆಪಲ್ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. 2006ರ ಮ್ಯಾಕ್‌ಬುಕ್ ಗ್ಲಾಸಿ. 2008ರ ಅಕ್ಟೋಬರಿನಲ್ಲಿ ಬಂದ 15 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಪರದೆಯ ಮೇಲೆ ಅಂಚಿನಿಂದ ಅಂಚಿಗೆ ಗಾಜು, ಮ್ಯಾಟ್ ಆಯ್ಕೆಯೇ ಇಲ್ಲ. ಫೋಟೋಗ್ರಾಫರುಗಳು, ವಿನ್ಯಾಸಕಾರರು ಗಲಾಟೆ ಮಾಡಿದರು. 2009ರಲ್ಲಿ ಮೊದಲು 17 ಇಂಚಿನದಕ್ಕೆ, ಆಮೇಲೆ 15 ಇಂಚಿನದಕ್ಕೆ ಮ್ಯಾಟ್ ವಾಪಸ್ ಬಂತು, 50 ಡಾಲರ್ ಹೆಚ್ಚಿಗೆ ಕೊಟ್ಟರೆ. ಹಿಂದೆ ಬಿಟ್ಟಿ ಬರುತ್ತಿದ್ದದ್ದಕ್ಕೆ ಈಗ ಬೆಲೆ ಬಂತು.

ಗೇಮಿಂಗ್ ಲ್ಯಾಪ್‌ಟಾಪ್ ಎಂಬ ಬಡವರ ಲ್ಯಾಬ್

ಈ ಅಲೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪುಗಳೂ ಗ್ಲಾಸಿ ಆದವು. ಆಟ ಆಡುವವರು ರಾತ್ರಿ, ಕತ್ತಲ ಕೋಣೆಯಲ್ಲಿ ಆಡುತ್ತಾರೆ ಅನ್ನೋದು ತಯಾರಕರ ಊಹೆ. ಪೂರ್ತಿ ತಪ್ಪೂ ಅಲ್ಲ. ಆದರೆ 2010ರ ನಂತರ ಆ ಯಂತ್ರಗಳನ್ನು ಕೊಳ್ಳುತ್ತಿದ್ದವರು ಆಟಗಾರರಷ್ಟೇ ಅಲ್ಲ.

ಎನ್‌ವಿಡಿಯಾ 2007ರಲ್ಲಿ ಕೂಡಾ ಅನ್ನೋ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಆಟದ ಚಿತ್ರ ಬಿಡಿಸುವ ಚಿಪ್‌ನಿಂದ ಸಾಮಾನ್ಯ ಲೆಕ್ಕವನ್ನೂ ಮಾಡಿಸಬಹುದಾಯಿತು. 2012ರಲ್ಲಿ ಟೊರಾಂಟೊದ ಸಂಶೋಧಕರು ಅಲೆಕ್ಸ್‌ನೆಟ್ ಎಂಬ ನರಜಾಲವನ್ನು ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ ತರಬೇತುಗೊಳಿಸಿದರು. ಅವು ಯಾವ ಸೂಪರ್ ಕಂಪ್ಯೂಟರಿನವೂ ಅಲ್ಲ, ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾದ ಗೇಮಿಂಗ್ ಕಾರ್ಡುಗಳು. ಇಂದಿನ ಎಐ ಯುಗದ ತಿರುವು ಅಂತ ಎಲ್ಲರೂ ಬೆರಳಿಡುವುದು ಅಲ್ಲಿಗೆ. ಅದನ್ನು ಓದಿದ ನಮ್ಮಂಥ ವಿದ್ಯಾರ್ಥಿಗಳಿಗೆ ಅರ್ಥವಾದದ್ದು ಇಷ್ಟು: ವಿಶ್ವವಿದ್ಯಾಲಯದ ಸರ್ವರಿಗೆ ಸರದಿ ನಿಲ್ಲದೆ ಪ್ರಯೋಗ ಮಾಡಬೇಕಾದರೆ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಬೇಕು. ಬಾಡಿಗೆ ಕೋಣೆಗಳ ನಡುವೆ ಎರಡು ಸೂಟ್‌ಕೇಸಿನೊಂದಿಗೆ ಓಡಾಡುವವರಿಗೆ ಡೆಸ್ಕ್‌ಟಾಪ್ ಎಲ್ಲಿಂದ ಬರಬೇಕು?

ನಾನು ಎಂ.ಎಸ್. ಮಾಡಿದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಊರಿಂದ ತಂದ 15.6 ಇಂಚಿನ ಗೇಮಿಂಗ್ ಲ್ಯಾಪ್‌ಟಾಪೇ ನನ್ನ ಲ್ಯಾಬ್, ಟಿವಿ, ಮನೆಗೆ ಮಾತಾಡುವ ಫೋನ್ ಎಲ್ಲ. ಪರದೆ ಕನ್ನಡಿ. ಊರಲ್ಲಿದ್ದಾಗ ಅದು ಅಷ್ಟು ಕಾಡಿರಲಿಲ್ಲ, ಇಲ್ಲಿ ಕಾಡಿತು. ಕಾರಣ ಸೂರ್ಯ! ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನವೂ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಮನೆಗೆ ಸಜ್ಜಾ ಇರುತ್ತದೆ, ಬಿಸಿಲು ಹೊಸ್ತಿಲ ಹತ್ತಿರವೇ ನಿಲ್ಲುತ್ತದೆ. ಸ್ಟುಟ್‌ಗಾರ್ಟಿನಲ್ಲಿ ಅದೇ ಹೊತ್ತಿಗೆ ಸೂರ್ಯನ ಎತ್ತರ ಸುಮಾರು 18 ಡಿಗ್ರಿ. ಸಜ್ಜಾ ಇಲ್ಲದ ದೊಡ್ಡ ಕಿಟಕಿಯಿಂದ ಬಿಸಿಲು ನೇರ ಎದುರು ಗೋಡೆಗೆ ಬಡಿಯುತ್ತದೆ. ಪರದೆ ಮುಚ್ಚಿದರೆ, ವಾರಗಟ್ಟಲೆ ಮೋಡದ ನಂತರ ಸಿಕ್ಕ ಎರಡು ಗಂಟೆ ಬಿಸಿಲೂ ಹೋಯಿತು. ಚಳಿಗಾಲ ಕಳೆದ ಯಾರಿಗೂ ಇದು ಸಣ್ಣ ವಿಷಯ ಅನ್ನಿಸಲಿಕ್ಕಿಲ್ಲ.

ಕನ್ನಡಿ ತೆಗೆದದ್ದು

ಪರದೆ ಬದಲಾಯಿಸೋದು ಸಾಧ್ಯವಾದದ್ದರ ಹಿಂದೆ ಇನ್ನೊಂದು ಪುಟ್ಟ ಚರಿತ್ರೆ ಇದೆ. ಲ್ಯಾಪ್‌ಟಾಪಿನ ಮೇಲೆ ಯಾವ ಬ್ರಾಂಡಿನ ಹೆಸರಿದ್ದರೂ ಒಳಗಿನ ಪ್ಯಾನೆಲ್ ಬರುವುದು ಬೆರಳೆಣಿಕೆಯ ಕಾರ್ಖಾನೆಗಳಿಂದ: ಎಲ್‌ಜಿ, ಸ್ಯಾಮ್‌ಸಂಗ್, ತೈವಾನಿನ ಎಯುಒ, ಇನ್ನೋಲಕ್ಸ್, ಚೀನಾದ ಬಿಒಇ. ಒಬ್ಬರ ಪ್ಯಾನೆಲ್ ಸಿಗದಿದ್ದರೆ ಇನ್ನೊಬ್ಬರದ್ದು ಹಾಕುವಂತಿರಲಿ ಅಂತ ಲ್ಯಾಪ್‌ಟಾಪ್ ತಯಾರಕರು ಸೇರಿ ಪ್ಯಾನೆಲ್ಲಿನ ಅಳತೆ, ಸ್ಕ್ರೂ ತೂತಿನ ಜಾಗ, ಕನೆಕ್ಟರ್ ಎಲ್ಲವನ್ನೂ ಏಕರೂಪ ಮಾಡಿಕೊಂಡಿದ್ದರು. ಅವರ ಅನುಕೂಲಕ್ಕೆ ಮಾಡಿಕೊಂಡ ಈ ಏರ್ಪಾಡು ನಮಗೂ ಅನುಕೂಲವಾಯಿತು. ಒಂದೇ ಪ್ಯಾನೆಲ್ ಗ್ಲಾಸಿ ಮೇಲ್ಮೈಯಲ್ಲೂ ಮ್ಯಾಟ್ ಮೇಲ್ಮೈಯಲ್ಲೂ ತಯಾರಾಗುತ್ತಿತ್ತು. ಮ್ಯಾಟ್ ಆಫೀಸ್ ಲ್ಯಾಪ್‌ಟಾಪಿಗೆ, ಗ್ಲಾಸಿ ಮನೆಯದಕ್ಕೆ.

ಪ್ಯಾನೆಲ್ಲಿನ ಬೆನ್ನಿಗೆ ಒಂದು ಸ್ಟಿಕರ್ ಇರುತ್ತದೆ. ಅದರ ಸಂಕೇತ ಓದಲು ಬಂದರೆ ಅರ್ಧ ಕೆಲಸ ಮುಗಿಯಿತು. ಎಲ್‌ಪಿ156ಡಬ್ಲ್ಯುಎಫ್ ಅಂತಿದ್ದರೆ ಎಲ್‌ಜಿಯದ್ದು, 15.6 ಇಂಚು, 1920×1080. ಕೊನೆಗೆ ಡಬ್ಲ್ಯುಎಚ್ ಇದ್ದರೆ 1366×768. ಎಯುಒದವು ಬಿ156 ಅಂತ, ಸ್ಯಾಮ್‌ಸಂಗಿನವು ಎಲ್‌ಟಿಎನ್156 ಅಂತ ಶುರುವಾಗುತ್ತವೆ. ಮುಖ್ಯವಾಗಿ ನೋಡಬೇಕಾದದ್ದು ಕನೆಕ್ಟರ್. ಹಳೆಯ ಎಲ್‌ವಿಡಿಎಸ್ ಪ್ಯಾನೆಲ್ಲಿಗೆ ಸಾಮಾನ್ಯವಾಗಿ 40 ಪಿನ್, ಆಮೇಲೆ ಬಂದ ಇಡಿಪಿಗೆ 30 ಪಿನ್. ಇವೆರಡು ಒಂದಕ್ಕೊಂದು ಆಗಿಬರೋದಿಲ್ಲ.

ನಾನು ನನ್ನದಕ್ಕೆ ಹೊಂದುವ ಮ್ಯಾಟ್ ಪ್ಯಾನೆಲ್ ತರಿಸಿದೆ. ಮೊದಲು ಬ್ಯಾಟರಿ ಬಿಡಿಸಬೇಕು. ಪರದೆಯ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ರಬ್ಬರ್ ಬಿಲ್ಲೆಗಳ ಕೆಳಗೆ ಸ್ಕ್ರೂಗಳಿರುತ್ತವೆ. ಅವನ್ನು ತೆಗೆದು ಗಿಟಾರ್ ಬಾರಿಸುವ ಪ್ಲಾಸ್ಟಿಕ್ ಬಿಲ್ಲೆಯನ್ನು ಸಂದಿಗೆ ತೂರಿಸಿ ಸುತ್ತ ಎಳೆದರೆ ಚೌಕಟ್ಟು ಟಕ್ ಟಕ್ ಅಂತ ಬಿಡುತ್ತದೆ. ಆಮೇಲೆ ಪ್ಯಾನೆಲ್ ಹಿಡಿದ ಸ್ಕ್ರೂಗಳು. ಕೀಬೋರ್ಡ್ ಮೇಲೆ ಬಟ್ಟೆ ಹಾಸಿ ಪ್ಯಾನೆಲ್ಲನ್ನು ಬೋರಲು ಮಲಗಿಸಿ, ಕನೆಕ್ಟರಿನ ಮೇಲಿನ ಟೇಪ್ ಬಿಡಿಸಿ, ಅದನ್ನು ನೇರ ಹಿಂದಕ್ಕೆ ಜಾರಿಸಬೇಕು. ಮೇಲಕ್ಕೆ ಎತ್ತಿದರೆ ಪಿನ್ ಮುರಿಯುತ್ತದೆ. ಹೊಸದನ್ನು ಇದೇ ಕ್ರಮದಲ್ಲಿ ಹಿಂದುಮುಂದಾಗಿ ಕೂರಿಸಿ, ಚೌಕಟ್ಟು ಮುಚ್ಚುವ ಮೊದಲೇ ಒಮ್ಮೆ ಆನ್ ಮಾಡಿ ನೋಡಬೇಕು. ಮುಕ್ಕಾಲು ಗಂಟೆಯ ಕೆಲಸ.

ಬಂದ ಫಲ? ರಾತ್ರಿ ಸಿನಿಮಾ ಹಾಕಿದರೆ ಕಪ್ಪು ಮೊದಲಿನಷ್ಟು ಗಾಢ ಅನ್ನಿಸಲಿಲ್ಲ. ಬಿಳಿ ಹಿನ್ನೆಲೆಯಲ್ಲಿ ಸಣ್ಣ ಸಕ್ಕರೆ ಕಾಳು ಚೆಲ್ಲಿದಂಥ ಮಿನುಗು ಇತ್ತು. ಒರಟು ಕಣಗಳೂ ಪಿಕ್ಸೆಲ್ಲುಗಳೂ ಸೇರಿ ಮಾಡುವ ಕೆಲಸ ಅದು. ಆದರೆ ಹಗಲು ಹನ್ನೆರಡಕ್ಕೆ ಕಿಟಕಿ ತೆರೆದಿಟ್ಟು ಕೋಡ್ ಓದಬಹುದಾಗಿತ್ತು. ಕತ್ತು ಓರೆ ಮಾಡಿ ಪ್ರತಿಬಿಂಬ ತಪ್ಪಿಸುವ ಅಭ್ಯಾಸ ಎರಡು ವಾರದಲ್ಲಿ ಹೋಯಿತು. ನನ್ನ ಥೀಸಿಸ್ ಬರೆದದ್ದು ಆ ಪರದೆಯಲ್ಲೇ.

ನ್ಯಾಯವಾಗಿ ಹೇಳಬೇಕೆಂದರೆ ಇದರ ತದ್ವಿರುದ್ಧ ಮಾಡಿದವರೂ ಇದ್ದರು. ಕೆಲವು ಡೆಸ್ಕ್‌ಟಾಪ್ ಮಾನಿಟರುಗಳ ಮ್ಯಾಟ್ ಪದರ ತೀರಾ ಒರಟು ಅನ್ನಿಸಿ, ಒದ್ದೆ ಟಿಶ್ಯೂ ಪೇಪರನ್ನು ಗಂಟೆಗಟ್ಟಲೆ ಪರದೆಯ ಮೇಲೆ ಹಾಸಿ, ಅಂಟು ಮೆತ್ತಗಾದ ಮೇಲೆ ಆ ಪದರವನ್ನು ಸಿಪ್ಪೆಯಂತೆ ಸುಲಿದು ಗ್ಲಾಸಿ ಮಾಡಿಕೊಂಡರು. ಅವರ ಕೋಣೆಯ ಬೆಳಕು ಅವರಿಗೆ ಗೊತ್ತು, ನನ್ನ ಕೋಣೆಯದ್ದು ನನಗೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಅಂಟು ಮತ್ತು ಕಾನೂನು

2012ರ ನಂತರ ಈ ಬಾಗಿಲು ಮೆಲ್ಲಗೆ ಮುಚ್ಚತೊಡಗಿತು. ಆ ವರ್ಷದ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲಿ ಪರದೆ ಮತ್ತು ಮುಚ್ಚಳ ಒಂದೇ ಜೋಡಣೆ, ಪ್ಯಾನೆಲ್ ಮಾತ್ರ ಬದಲಾಯಿಸುವ ಮಾತೇ ಇಲ್ಲ. ಟಚ್‌ಸ್ಕ್ರೀನ್ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವುಗಳ ಮೇಲೆ ಗಾಜು ಇರುತ್ತದೆ, ಅದನ್ನು ಸಾಮಾನ್ಯವಾಗಿ ಪ್ಯಾನೆಲ್ಲಿಗೆ ಅಂಟಿಸಿರುತ್ತಾರೆ. ಯಂತ್ರ ತೆಳ್ಳಗಾಯಿತು, ಚೆಂದವಾಯಿತು. ನಾಲ್ಕು ಸ್ಕ್ರೂಗಳ ಜಾಗಕ್ಕೆ ಅಂಟು ಬಂತು.

ಇನ್ನೊಂದು ಕಡೆ ಕಾನೂನು ತಡವಾಗಿಯಾದರೂ ಎಚ್ಚೆತ್ತಿತು. ಜರ್ಮನಿ 2016ರಲ್ಲಿ ಕೆಲಸದ ಸ್ಥಳಗಳ ನಿಯಮಾವಳಿಯನ್ನು ತಿದ್ದಿದಾಗ, ಹೊತ್ತೊಯ್ಯುವ ಕಂಪ್ಯೂಟರುಗಳ ಪರದೆಗೂ ಪ್ರತಿಫಲನ ಕಡಿಮೆ ಇರುವ ಮೇಲ್ಮೈ ಬೇಕು ಅಂತ ಸ್ಪಷ್ಟವಾಗಿ ಸೇರಿಸಿತು. 1990ರಲ್ಲಿ ಬಿಟ್ಟಿದ್ದ ಸಂದಿಯನ್ನು ಇಲ್ಲಿ 26 ವರ್ಷದ ನಂತರ ಮುಚ್ಚಲಾಯಿತು. ಆದರೆ ಈ ರಕ್ಷಣೆ ಇರುವುದು ಕೆಲಸ ಕೊಟ್ಟವರು ಒದಗಿಸುವ ಕೆಲಸದ ಜಾಗಕ್ಕೆ. ವಿದ್ಯಾರ್ಥಿ, ಫ್ರೀಲಾನ್ಸರ್, ಕೆಲಸ ಹುಡುಕುತ್ತಾ ಸ್ವಂತ ಲ್ಯಾಪ್‌ಟಾಪಿನಲ್ಲಿ ದಿನಗಟ್ಟಲೆ ಅರ್ಜಿ ತುಂಬುವವರು, ಇವರಿಗೆ ಇವತ್ತಿಗೂ ಇರುವುದು ಅಂಗಡಿಯ ಬೆಳಕೇ. ದಿನವಿಡೀ ಪರದೆ ನೋಡುವುದರಲ್ಲಿ ಇವರೇನೂ ಆಫೀಸಿನವರಿಗಿಂತ ಹಿಂದಿಲ್ಲ.

ಮಾರುಕಟ್ಟೆಯೂ ಒಂದು ಸುತ್ತು ಹಾಕಿತು. ಗೇಮಿಂಗ್ ಲ್ಯಾಪ್‌ಟಾಪುಗಳಿಗೆ ಐಪಿಎಸ್ ಮತ್ತು 144 ಹರ್ಟ್ಸ್ ಪ್ಯಾನೆಲ್ಲುಗಳು ಬಂದಾಗ ಹೆಚ್ಚಿನವು ಮ್ಯಾಟ್ ಆಗಿ ಬಂದವು. ಈಗ ಒಎಲ್‌ಇಡಿ ಜೊತೆ ಗ್ಲಾಸಿ ಮತ್ತೆ ಏರುತ್ತಿದೆ. ಅದರ ಕಪ್ಪು ನಿಜಕ್ಕೂ ಕಪ್ಪು, ಚದುರಿದ ಬೆಳಕಿನಲ್ಲಿ ಅದನ್ನು ಕೆಡಿಸಲು ಯಾರಿಗೂ ಮನಸ್ಸಿಲ್ಲ. 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್95ಡಿ ಒಎಲ್‌ಇಡಿ ಟಿವಿಗೆ ಮ್ಯಾಟ್ ಮೇಲ್ಮೈ ಕೊಟ್ಟಾಗ ಟಿವಿ ಪ್ರಿಯರಲ್ಲಿ ಎರಡು ಪಂಗಡವೇ ಆಯಿತು. ಆಪಲ್ ಅಂತೂ ಮ್ಯಾಟನ್ನು ನ್ಯಾನೋ-ಟೆಕ್ಸ್ಚರ್ ಅನ್ನೋ ಹೊಸ ಹೆಸರಿನಲ್ಲಿ ವಾಪಸ್ ತಂದಿತು. 2019ರ ಪ್ರೋ ಡಿಸ್‌ಪ್ಲೇಗೆ 1000 ಡಾಲರ್ ಹೆಚ್ಚು, 2024ರ ಮ್ಯಾಕ್‌ಬುಕ್ ಪ್ರೋಗೆ 150 ಡಾಲರ್ ಹೆಚ್ಚು. ಗಾಜನ್ನೇ ಅತಿ ಸೂಕ್ಷ್ಮವಾಗಿ ಕೊರೆದು ಮಾಡುವ ಮೇಲ್ಮೈ ಅದು, ಹಳೆಯ ಪ್ಲಾಸ್ಟಿಕ್ ಪದರಕ್ಕಿಂತ ಎಷ್ಟೋ ಮೇಲು. ಆದರೂ 2002ರ ಸಾಧಾರಣ ಲ್ಯಾಪ್‌ಟಾಪಿನ ಹುಟ್ಟುಗುಣ 2024ರಲ್ಲಿ ಐಷಾರಾಮಿ ವಸ್ತುವಾಯಿತು ಅನ್ನೋದು ಸುಳ್ಳಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು ಒಂದು ಸಣ್ಣ ಕಂಪನಿಯ ಉದಾಹರಣೆ. ಫ್ರೇಮ್‌ವರ್ಕ್ 2021ರಲ್ಲಿ ತನ್ನ ಮೊದಲ ಲ್ಯಾಪ್‌ಟಾಪನ್ನು ಗ್ಲಾಸಿ ಪರದೆಯೊಂದಿಗೆ ತಂದಿತು. ಪರದೆಯ ಚೌಕಟ್ಟು ಆಯಸ್ಕಾಂತದಲ್ಲಿ ನಿಂತಿರುತ್ತದೆ, ಉಗುರಲ್ಲಿ ಎತ್ತಿದರೆ ಬರುತ್ತದೆ. 2023ರಲ್ಲಿ ಅವರು ಮ್ಯಾಟ್ ಪ್ಯಾನೆಲ್ಲನ್ನು ಬಿಡಿಭಾಗವಾಗಿ ಮಾರಾಟಕ್ಕಿಟ್ಟರು. ಹಳೇ ಲ್ಯಾಪ್‌ಟಾಪ್ ಇದ್ದವರೂ ತಾವೇ ಹಾಕಿಕೊಳ್ಳಬಹುದು. ನಾವು ಕದ್ದುಮುಚ್ಚಿ, ಗ್ಯಾರಂಟಿ ಹೋದೀತು ಅಂತ ಹೆದರಿಕೊಂಡು ಮಾಡಿದ್ದನ್ನು ಅವರು ರೂಢಿಯ ಕೆಲಸವಾಗಿಸಿದರು. ಯುರೋಪಿನ 2024ರ ದುರಸ್ತಿ ಹಕ್ಕಿನ ನಿರ್ದೇಶನವೂ ಅದೇ ದಿಕ್ಕಿನಲ್ಲಿದೆ, ಎಷ್ಟು ದೂರ ಹೋಗುತ್ತದೋ ನೋಡಬೇಕು.

ಈ ವರ್ಷ ಮಕ್ಕಳಿಗೋ, ಊರಿಂದ ಓದಲು ಬರುತ್ತಿರುವ ತಮ್ಮ ತಂಗಿಯರಿಗೋ ಲ್ಯಾಪ್‌ಟಾಪ್ ಕೊಡಿಸುವವರಿದ್ದರೆ ಮೂರು ವಿಷಯ ನೋಡಿ. ಪರದೆಯಲ್ಲಿ ಪೂರ್ತಿ ಕಪ್ಪು ಚಿತ್ರ ಹಾಕಿಸಿ, ಅಂಗಡಿಯ ಬಾಗಿಲಿಗೆ ಬೆನ್ನು ಮಾಡಿ ನಿಂತು ನೋಡಿ. ಅದು ಎಷ್ಟು ನಿಟ್ ಅಂತ ಕೇಳಿ, 300ಕ್ಕಿಂತ ಕಡಿಮೆ ಇದ್ದು ಗ್ಲಾಸಿಯೂ ಆಗಿದ್ದರೆ ಕಿಟಕಿಯ ಪಕ್ಕ ಅದು ಕೆಲಸಕ್ಕೆ ಬರೋದಿಲ್ಲ. ಮೂರನೆಯದು, ಪರದೆ ಸ್ಕ್ರೂಗಳ ಮೇಲೆ ನಿಂತಿದೆಯೋ, ಅಂಟಿನ ಮೇಲೋ ವಿಚಾರಿಸಿ. ಮಾರುವವರಿಗೆ ಗೊತ್ತಿಲ್ಲದಿರಬಹುದು. ಆದರೆ ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ತಯಾರಿರುತ್ತದೆ.